ಕತ್ತಲಾದ ಮೇಲೆ ಟೇಲರಕ್ಕನ ಸೈಕಲ್

ಅಂಗಡಿಯೊಳಗೆ ಕೂತಷ್ಟು ಹೊತ್ತು ನನಗೆ ಏನೂ ಆಗುವುದಿಲ್ಲ. ಕತ್ತರಿ, ಸೂಜಿ, ಇಸ್ತ್ರಿ ಪೆಟ್ಟಿಗೆ ಎಲ್ಲವೂ ನನ್ನ ಮಾತು ಕೇಳುತ್ತವೆ. ಆಗಬಾರದ್ದೆಲ್ಲ ಆಗುವುದು ಶಟರ್ ಎಳೆದು ಸೈಕಲ್ ಹತ್ತಿದ ಮೇಲೆ. ಒಂದು ಪ್ರಸಂಗವನ್ನು ನಾನು ಮರೆಯುವುದರೊಳಗೆ ಇನ್ನೊಂದು ಬಂದು ನಿಂತಿರುತ್ತದೆ. ಓಣಿಯವರಂತೂ ಯಾವುದನ್ನೂ ಮರೆಯುವುದಿಲ್ಲ.

ನಾನು ಗದಗಿನ ಪೇಟೆಯಲ್ಲಿ ಹೆಂಗಸರ ಬ್ಲೌಸ್ ಹೊಲಿಯುವವಳು. ಮನೆ ಬೆಟಗೇರಿಯಲ್ಲಿ. ಹೆಸರಿಗೆ ಎರಡೂ ಒಂದೇ ಊರು, ದಿನವೂ ಪೆಡಲ್ ತುಳಿಯುವ ಕಾಲಿಗೆ ಮಾತ್ರ ಎರಡು. ಸೈಕಲ್ ಮಗಳದು, ಶಾಲೆಯಲ್ಲಿದ್ದಾಗ ಅವಳಿಗೆ ಸಿಕ್ಕದ್ದು. ಕಾಲೇಜಿಗೆ ಹೋದಮೇಲೆ ಅವಳಿಗೆ ಸೈಕಲ್ ತುಳಿಯಲು ನಾಚಿಕೆ ಬಂತು. ಆ ವಯಸ್ಸಿನ ನಾಚಿಕೆ ನನ್ನನ್ನು ಬಿಟ್ಟು ಬಹಳ ದಿನ ಆಗಿತ್ತು, ಹೀಗಾಗಿ ಸೈಕಲ್ ನನ್ನ ಕೈಗೆ ಬಂತು.

ಬ್ಲೌಸ್ ಅಂಗಡಿಗೆ ಹೆಂಗಸರು ಬರುವುದೇ ಸಂಜೆ. ಹಗಲೆಲ್ಲ ಅವರಿಗೆ ಮನೆ, ಶಾಲೆ, ಆಫೀಸು. ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರೇ ಚೀಲ ಹಿಡಿದು ಬರುತ್ತಾರೆ. ಅದೇ ಹೊತ್ತಿಗೆ ಸೊಸೆ ಮನೆಯಲ್ಲಿರಬೇಕು ಎಂಬುದು ನಮ್ಮ ಅತ್ತೆಯವರ ಹಟ. ಒಂದು ಸಂಜೆ ಕತ್ತಲಲ್ಲಿ ಚಕ್ರ ತಗ್ಗಿಗೆ ಇಳಿದು, ನಾನು ಮೊಣಕಾಲು ತರಚಿಕೊಂಡು ಬಂದದ್ದೇ ಅವರಿಗೆ ನೆಪವಾಯಿತು.

“ಇನ್ನೊಮ್ಮಿ ಬಿದ್ದಿ ಅಂದ್ರ ಸೈಕಲ್ ಗುಜರಿಗೆ. ಅಂಗಡಿನೂ ಹೊತ್ತು ಮುಳುಗೂದ್ರೊಳಗ ಬಂದ್ ಮಾಡೂದು” ಅಂದರು ಅತ್ತೆ.

ನಮ್ಮ ಮನೆಯವರು ತಾಯಿಯ ಮಾತಿಗೂ ಹೆಂಡತಿಯ ಮಾತಿಗೂ ಒಂದೇ ಹದದಲ್ಲಿ ತಲೆ ಆಡಿಸುವವರು. “ನೀ ಒಂದು ಛಲೋ ದಾರಿ ಹುಡುಕ್ಕೊ. ಬೀಳಲಾರದಂಗ ದಿನಾ ಮನಿ ಮುಟ್ಟಿದ್ರ ಅವ್ವಗ ನಾ ಹೇಳ್ತೀನಿ” ಅಂದರು.

ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕುವ ಬ್ಲೌಸ್ ಅಂಗಡಿ, ಮುಚ್ಚಿಹೋದ ಅಂಗಡಿಯೇ. ಅದೂ ಅಲ್ಲದೆ, ಅಂಗಡಿಯಲ್ಲಿ ನಾನು ಗಿರಾಕಿಗಳವಳು, ಮನೆಯಲ್ಲಿ ಮನೆಯವರವಳು. ನಡುವೆ ಸೈಕಲ್ ಮೇಲಿರುವ ಅಷ್ಟು ಹೊತ್ತು ಮಾತ್ರ ನನ್ನವಳು. ಅದನ್ನು ಬಿಟ್ಟುಕೊಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಆದರೆ ಇಲ್ಲೊಂದು ತೊಡಕು. ಮನೆಯವರ ಪ್ರಕಾರ ಸುರಕ್ಷಿತ ದಾರಿ ಎಂದರೆ ದೀಪ ಇರುವ, ತಗ್ಗು ಇಲ್ಲದ, ನಾಯಿ ಇಲ್ಲದ ದಾರಿ. ನನ್ನ ಪ್ರಕಾರ ಸುರಕ್ಷಿತ ದಾರಿ ಎಂದರೆ, ‘ನಾಳೆ ಕೊಡ್ತೀನ್ರಿ’ ಎಂದು ನಾನು ಹೇಳಿ ಕಳಿಸಿದವರ ಮನೆ ಇಲ್ಲದ ದಾರಿ. ಟೇಲರ್‌ಗಳ ಕಷ್ಟ ಟೇಲರ್‌ಗಳಿಗೇ ಗೊತ್ತು. ಹೇಳಿದ ದಿನ ನಾನು ಕೊಡುವುದು ಅತ್ತೆಯವರ ಬ್ಲೌಸೊಂದೇ, ಒಂದೇ ಸೂರಿನ ಕೆಳಗೆ ಇರಬೇಕಲ್ಲ. ಮಿಕ್ಕವರೆಲ್ಲ ಕಾಯುತ್ತಿರುತ್ತಾರೆ. ದೀಪ ಇದ್ದ ಓಣಿಯಲ್ಲೆಲ್ಲ ಗಿರಾಕಿ, ಗಿರಾಕಿ ಇಲ್ಲದ ಓಣಿಯಲ್ಲೆಲ್ಲ ನಾಯಿ. ಇವೆರಡರ ನಡುವೆ ನಾನು ದಾರಿ ಹುಡುಕಬೇಕಿತ್ತು.

ಹಣೆಯ ಮೇಲಿನ ಬ್ಯಾಟರಿ

ನನ್ನ ತಮ್ಮ ಸಿಂಗಟಾಲೂರಿನ ಕಡೆ ಒಕ್ಕಲುತನ ಮಾಡುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ಬರುವುದರಿಂದ ಕತ್ತಲಲ್ಲೇ ಹೊಲಕ್ಕೆ ನೀರು ಹಾಯಿಸುವವನು. ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿಯೊಂದು ಅವನ ಬಳಿ ಇತ್ತು. ನನ್ನ ಕಥೆ ಕೇಳಿ ಅದನ್ನೇ ಬಿಚ್ಚಿ ಕೊಟ್ಟ.

“ಇದನ್ನ ಕಟ್ಟಿಕೊಂಡು ಹೋಗ ಅಕ್ಕಾ. ಹಾವು ಸೈತ ದಾರಿ ಬಿಡ್ತೈತಿ” ಅಂದ.

ಮೊದಲ ದಿನ ಕಟ್ಟಿಕೊಂಡು ಹೊರಟಾಗ ರಸ್ತೆಯ ಒಂದೊಂದು ಹರಳೂ ಕಂಡಿತು. ಈ ಬ್ಯಾಟರಿ ಇದ್ದರೆ ಯಾವ ದಾರಿಯಾದರೇನು ಎಂದು ನಾನು ನೇರವಾಗಿ ತರಕಾರಿ ಮಾರುವ ಓಣಿಗೇ ಸೈಕಲ್ ತಿರುಗಿಸಿದೆ. ತಮ್ಮ ನನಗೆ ಒಂದು ಮಾತು ಹೇಳಿರಲಿಲ್ಲ. ಹಣೆಯ ಬ್ಯಾಟರಿಯ ಬೆಳಕು ನಾವು ಎತ್ತ ನೋಡುತ್ತೇವೋ ಅತ್ತಲೇ ಬೀಳುತ್ತದೆ. ಹೊಲದಲ್ಲಿ ಅವನು ನೀರು ನೋಡುತ್ತಾನೆ. ನಾನು ನೋಡುವುದು ಬ್ಲೌಸು. ಎದುರಿಗೆ ಹೆಂಗಸರು ಬಂದರೆ ನನ್ನ ಕಣ್ಣು ಮುಖಕ್ಕಿಂತ ಮೊದಲು ತೋಳು ಕೂಡಿಸಿದ ಕಡೆ ಹೋಗುತ್ತದೆ. ಅದು ಕಸುಬು, ನನ್ನ ಕೈಯಲ್ಲಿಲ್ಲ.

ಮುಂದೆ ಒಬ್ಬ ಹೆಂಗಸು ಚೀಲ ಹಿಡಿದು ಹೋಗುತ್ತಿದ್ದಳು. ಬೆಳಕು ಹೋಗಿ ಅವಳ ಬೆನ್ನಿಗೆ ಅಂಟಿತು. ಬ್ಲೌಸಿನ ಹಿಂದಿನ ಕೊರಳು ಮೇಲೆದ್ದು ನಿಂತಿತ್ತು. ನಾನು ಅದನ್ನೇ ನೋಡುತ್ತ ಹಿಂದೆ ಹಿಂದೆ ಹೋದೆ.

“ಯಾರ್ರಿ ಅದು, ಬೆನ್ನ ಮ್ಯಾಲೆ ಬೆಳಕ ಬಿಡಾಕತ್ತವರು?” ಎಂದು ಅವಳು ತಿರುಗಿದಳು.

ಗಾಬರಿಯಾಗಿ ತಲೆ ತಿರುಗಿಸಿದೆ. ಬೆಳಕು ಸೊಪ್ಪು ಮಾರುವವಳ ತೋಳಿನ ಮೇಲೆ ಬಿತ್ತು. ಒಂದು ತೋಳು ಉದ್ದ, ಒಂದು ಗಿಡ್ಡ. ಅಲ್ಲಿಂದ ತಪ್ಪಿಸಿದರೆ ಕಟ್ಟೆಯ ಮೇಲೆ ಕೂತ ಮುದುಕಿಯ ಪಕ್ಕೆಯ ಮೇಲೆ ಬಿತ್ತು. ಅಲ್ಲಿ ಹೊಲಿಗೆ ಬಿಚ್ಚಿತ್ತು. ನಾನು ಎಲ್ಲಿ ನೋಡುತ್ತಿದ್ದೇನೆ ಎಂಬುದು ಇಡೀ ಓಣಿಗೆ ಕಾಣುತ್ತಿತ್ತು.

“ಟೇಲರಕ್ಕ ಅಲ್ಲೇನ್ರಿ?” ಎಂದು ಮುದುಕಿ ಕೈ ಎತ್ತಿ ತೋರಿಸಿದಳು. “ನೋಡ್ರಿ, ಛಲೋ ನೋಡ್ರಿ. ನಾ ನಾಳೆ ತರಬೇಕಂತ ಮಾಡಿದ್ದೆ, ನೀವ ಬೆಳಕ ಹಿಡಕೊಂಡು ಬಂದ್ರಿ.”

ಅಷ್ಟರಲ್ಲಿ ಸೊಪ್ಪಿನವಳೂ ಎದ್ದು ಬಂದು ಬೆಳಕಿಗೆ ತೋಳು ಒಡ್ಡಿದಳು. ಇನ್ನಿಬ್ಬರು ಬಂದು ಬೆನ್ನು ತಿರುಗಿಸಿ ನಿಂತರು. ಪೇಚಿನಿಂದ ಪಾರಾಗಲು ನಾನು ಮೊದಲಿನವಳ ಕಡೆ ಬೊಟ್ಟು ಮಾಡಿ ಮಾತು ಬೆಳೆಸಿದೆ.

“ನಿಮ್ದೆಲ್ಲ ಸಣ್ಣ ಕೆಲಸ್ರಿ. ಇವರದು ನೋಡ್ರಿ, ಯಾರು ಹೊಲದಾರೋ ಏನೋ, ಬೆನ್ನಿಗೆ ಗೋಣಿಚೀಲ ಕಟ್ಟಿದಂಗ ಆಗೇತಿ.”

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು, ನನ್ನ ಮುಖ ಎಲ್ಲಿದೆ ಎಂದು ಹುಡುಕುತ್ತ ಅಂದಳು: “ನೀವ ರೀ ಅಕ್ಕಾರ. ಹೋದ ದೀಪಾವಳಿಗೆ.”

ಬ್ಯಾಟರಿ ಆರಿಸಿ ಉಳಿದ ದಾರಿಯನ್ನು ಕತ್ತಲಲ್ಲೇ ಮುಗಿಸಿದೆ.

ಮೆರವಣಿಗೆಯ ಬೆಳಕು

ಮದುವೆಯ ಹಂಗಾಮು ಬಂತು. ಒಂದು ಸಂಜೆ ಪೇಟೆಯಿಂದ ಹೊರಡುವಾಗ ಬೆಟಗೇರಿಯ ಕಲ್ಯಾಣ ಮಂಟಪದ ಕಡೆ ಹೊರಟ ಮೆರವಣಿಗೆ ಸಿಕ್ಕಿತು. ಎರಡೂ ಬದಿಗೆ ದೀಪ ಹೊತ್ತವರು, ಮುಂದೆ ಬ್ಯಾಂಡು, ಹಿಂದೆ ಮದುಮಗನ ಕಾರು. ಇದಕ್ಕಿಂತ ಸುರಕ್ಷಿತ ದಾರಿ ನನ್ನ ಜನ್ಮದಲ್ಲಿ ಸಿಗುವುದಿಲ್ಲ ಅನಿಸಿ ಸೈಕಲ್ ಇಳಿದು, ತಳ್ಳುತ್ತ ಒಳಗೆ ಸೇರಿಕೊಂಡೆ. ಒಂದು ನಾಯಿಯೂ ಹತ್ತಿರ ಸುಳಿಯಲಿಲ್ಲ.

ಸ್ವಲ್ಪ ದೂರ ಹೋದಮೇಲೆ ಯಾರೋ ಸೈಕಲ್ಲಿನ ಕ್ಯಾರಿಯರ್ ಹಿಡಿದು ನಿಲ್ಲಿಸಿದರು. ನೋಡಿದರೆ ಮದುಮಗಳ ಸೋದರತ್ತೆ, ಹರ್ತಿಯವರು. ಮದುವೆಗೆಂದು ಅವರು ತೊಟ್ಟಿದ್ದ ಬ್ಲೌಸನ್ನು ನಾನೇ ಹೊಲಿದದ್ದು. ಮೈಗೆ ಅಂಟಿದಂತೆ ಇರಬೇಕು ಎಂದು ಎದುರಿಗೆ ಕೂತು ಹೊಲಿಸಿಕೊಂಡು ಹೋಗಿದ್ದರು.

“ಅಕ್ಕಾರ, ದೇವರ ಕಳಿಸಿದಂಗ ಬಂದ್ರಿ. ಕೈ ಮ್ಯಾಲೆ ಏಳವಲ್ದು. ಬಾಗಲದಾಗ ಆರತಿ ಎತ್ತಾಕಿ ನಾನ. ಸೊಂಟದ ಮಟ ಎತ್ತಿ ಬಿಟ್ರ ಮದುಮಗನ ಮಾರಿಗೆ ಹೆಂಗ ಮುಟ್ಟತೈತ್ರಿ ಆರತಿ?”

ಬ್ಲೇಡು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಕಂಕುಳ ಕೆಳಗಿನ ಒಂದೆರಡು ಹೊಲಿಗೆ ಬಿಚ್ಚಿದರೆ ಮುಗಿಯಿತು. ಆದರೆ ನಡು ರಸ್ತೆಯಲ್ಲಿ ಬಿಚ್ಚಲು ಬರುತ್ತದೆಯೇ? ಪಕ್ಕದಲ್ಲಿ ಒಂದು ಇಕ್ಕಟ್ಟಾದ ಸಂದಿ ಇತ್ತು. ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಒಳಗೆ ಗವ್ವೆನ್ನುವ ಕತ್ತಲು, ದಾರ ಕಾಣಲೊಲ್ಲದು. ದೀಪ ಹೊತ್ತ ಹೆಂಗಸೊಬ್ಬಳನ್ನು “ಒಂದ ಚೂರು ಇತ್ತ ಬಾರವಾ” ಎಂದು ಕರೆದೆ.

ಅವಳು ಬಂದಳು. ದೀಪದವರೆಲ್ಲ ಒಂದೇ ವೈರಿನಲ್ಲಿ ಕೂಡಿರುತ್ತಾರೆ ಎಂಬುದು ನನ್ನ ತಲೆಗೆ ಬರಲಿಲ್ಲ. ಅವಳ ಹಿಂದೆ ಎರಡನೆಯವಳು, ಅವಳ ಹಿಂದೆ ಮೂರನೆಯವಳು, ಹೀಗೆ ಸಾಲಾಗಿ ಎಲ್ಲರೂ ಬಂದರು. ವೈರು ಎಳೆಯಿತು ಎಂದು ಜನರೇಟರ್ ಗಾಡಿಯವನೂ ಸಂದಿಗೆ ತಿರುಗಿದ. ಬೆಳಕು ಹೋದ ಕಡೆ ಬ್ಯಾಂಡಿನವರು ತಿರುಗಿದರು. ಬ್ಯಾಂಡು ಹೋದ ಕಡೆ ಬೀಗರು ತಿರುಗಿದರು. ಮದುಮಗನ ಕಾರು ಮಾತ್ರ ಸಂದಿಯ ಬಾಯಲ್ಲಿ ಸಿಕ್ಕಿಕೊಂಡಿತು.

ನಾನು ಸೆರಗಿನ ಮರೆಯಲ್ಲಿ ತಲೆ ತಗ್ಗಿಸಿ ದಾರ ಕೊಯ್ಯುತ್ತಿದ್ದೆ. ತಲೆ ಎತ್ತಿದರೆ ಇಡೀ ಮದುವೆ ನಮ್ಮೆದುರು ನಿಂತಿತ್ತು. ಮದುಮಗನ ತಂದೆ ಮುಂದೆ ಬಂದು, ಅತ್ತಿತ್ತ ಮನೆಗಳ ಹಿತ್ತಲ ಗೋಡೆ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: “ಮಂಟಪ ಇಲ್ಲೇ ಏನ್ರಿ?”

ಸೋದರತ್ತೆ ಹೊಸದಾಗಿ ಸಿಕ್ಕ ಕೈಯನ್ನು ಮೇಲೆತ್ತಿ ಮುಂದಿನ ರಸ್ತೆ ತೋರಿಸಿದರು. “ಇಲ್ರಿ ಬೀಗರ, ಅಲ್ಲಿ. ಇಲ್ಲಿ ಕೈ ಬಿಡಿಸಿಕೊಳ್ಳಾಕ ಬಂದಿದ್ವಿ.”

ಅಂದು ನಾನು ಬೀಳಲಿಲ್ಲ. ಆದರೆ ಮಂಟಪದಲ್ಲಿ ಅಕ್ಷತೆ ಬಿದ್ದ ಮೇಲೆಯೇ ಅವರು ನನ್ನನ್ನು ಬಿಟ್ಟದ್ದು, ಮನೆ ಮುಟ್ಟುವ ಹೊತ್ತಿಗೆ ಎಲ್ಲರ ಊಟ ಆಗಿತ್ತು. ತಲೆಯಲ್ಲಿದ್ದ ಅಕ್ಕಿಕಾಳು ನೋಡಿ ಅತ್ತೆ ತಣ್ಣಗಾದ ರೊಟ್ಟಿಯನ್ನು ಮುಂದಿಟ್ಟು ಮಲಗಲು ಹೋದರು.

ತಿರುಗಿ ನೋಡಬಾರದು

ಬೆಳಕಿನ ಸಹವಾಸ ಸಾಕು ಎಂದು ನೇಕಾರರ ಮನೆಗಳ ಹಿಂದಿನ ಕತ್ತಲ ದಾರಿ ಹಿಡಿದೆ. ಮಗ್ಗದ ಸದ್ದು ಕೇಳುತ್ತಿರುತ್ತದೆ, ಜನ ಕಾಣುವುದಿಲ್ಲ. ಮುಖ್ಯ, ಆ ಕಡೆ ನನ್ನ ಗಿರಾಕಿ ಒಬ್ಬರೂ ಇಲ್ಲ ಎಂದು ತಿಳಿದಿದ್ದೆ. ನಾಲ್ಕಾರು ದಿನ ಸುಖವಾಗಿ ನಡೆಯಿತು. ಆಮೇಲೆ ಅಮಾವಾಸ್ಯೆ ಬಂತು. ಅದನ್ನು ನಾನು ಮರೆತಿದ್ದೆ.

ನಮ್ಮ ಕಡೆ ಅಮಾವಾಸ್ಯೆಯ ಸಂಜೆ ಮನೆಯವರಿಗೆ ದೃಷ್ಟಿ ನಿವಾಳಿಸಿ, ನಿಂಬೆಹಣ್ಣು ಕೊಯ್ದು ಕುಂಕುಮ ಹಚ್ಚಿ, ಮೂರು ದಾರಿ ಕೂಡುವಲ್ಲಿ ಇಟ್ಟು ಬರುತ್ತಾರೆ. ಇಟ್ಟವರು ಮನೆ ಸೇರುವ ತನಕ ತಿರುಗಿ ನೋಡಬಾರದು. ಬೇರೆಯವರು ಅದನ್ನು ತುಳಿಯಬಾರದು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ಆದರೆ ತುಳಿಯುವವಳೂ ಅಲ್ಲ. ಚಕ್ರದ ಮುಂದೆ ಕೆಂಪಗೆ ಕಂಡದ್ದೇ ಹ್ಯಾಂಡಲ್ ತಿರುವಿದೆ. ಪಕ್ಕದಲ್ಲಿ ಮನೆ ಕಟ್ಟುವವರ ಉಸುಕಿನ ರಾಶಿ ಇತ್ತು. ನಾನು ಅದರ ಮೇಲೆ, ಸೈಕಲ್ ನನ್ನ ಮೇಲೆ. ಸೆರಗು ಚೈನಿನಲ್ಲಿ ಸಿಕ್ಕಿ ಏಳಲು ಬಾರದಾಯಿತು.

ಸ್ವಲ್ಪ ಮುಂದೆ ಒಬ್ಬ ಹೆಂಗಸು ಹೋಗುತ್ತಿದ್ದಳು. ಸದ್ದಿಗೆ ನಿಂತಳು. ತಿರುಗಲಿಲ್ಲ.

“ಬಿದ್ದೀರೇನ್ರಿ?” ಎಂದು ಎದುರಿನ ಗೋಡೆಯನ್ನು ಕೇಳಿದಳು.

“ಬಿದ್ದೀನ್ರಿ. ಒಂದ ಚೂರು ಕೈ ಕೊಡ್ರಿ.”

“ಹೆಂಗ ಕೊಡ್ಲ್ರಿ, ನಿಂಬಿಹಣ್ಣ ಇಟ್ಟಾಕಿ ನಾನ. ತಿರುಗಿ ನೋಡಾಕ ಬರೂದಿಲ್ಲ.”

“ನೋಡಬ್ಯಾಡ್ರಿ. ಬರೇ ಎತ್ರಿ.”

ಅವಳು ಒಂದು ಕ್ಷಣ ವಿಚಾರ ಮಾಡಿದಳು. ಆಮೇಲೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುತ್ತ ನನ್ನ ಕಡೆ ಬಂದಳು. “ಎಡಕ್ಕ ಬರ್ರಿ”, “ನಿಂಬಿಹಣ್ಣ ಐತಿ, ಸರೀರಿ” ಎಂದು ನಾನು ಮಲಗಿದಲ್ಲಿಂದಲೇ ದಾರಿ ಹೇಳಿದೆ. ಹತ್ತಿರ ಬಂದವಳು ಬೆನ್ನ ಹಿಂದೆ ಕೈ ಚಾಚಿ ತಡಕಾಡತೊಡಗಿದಳು.

“ನಿಮ್ಮ ದನಿ ಎಲ್ಲೋ ಕೇಳಿದಂಗ ಐತಲ್ರಿ” ಅಂದಳು.

ನನಗೂ ಆ ದನಿ ಎಲ್ಲೋ ಕೇಳಿದಂತಿತ್ತು. ಎಲ್ಲಿ ಎಂದು ನೆನಪಾದ ಕೂಡಲೇ ನಾನು ಗಂಟಲು ದಪ್ಪ ಮಾಡಿಕೊಂಡೆ. “ನಾ ಈ ಊರಾಕಿ ಅಲ್ರಿ. ಮುಂಡರಗಿಯಾಕಿ.”

“ಹೌದೇನ್ರಿ” ಅನ್ನುತ್ತ ಅವಳು ಕೈಗೆ ಸಿಕ್ಕದ್ದನ್ನು ಹಿಡಿದು ಎಳೆದಳು. ಅದು ನನ್ನ ಕೊರಳಲ್ಲಿದ್ದ ಅಳತೆ ಟೇಪು. ಅವಳು ಎಳೆಯುವುದನ್ನು ನಿಲ್ಲಿಸಿ, ಟೇಪನ್ನು ಬೆರಳಿನಲ್ಲಿ ಮೆಲ್ಲಗೆ ಸವರಿದಳು.

“ಟೇಲರಕ್ಕಾರ” ಅಂದಳು. “ನಮ್ಮ ಹಸರ ಬ್ಲೌಸ್ ಆತೇನ್ರಿ?”

“ನಾಳೆ ಕೊಡ್ತೀನ್ರಿ” ಎಂದೆ, ಉಸುಕಿನೊಳಗಿಂದ.

ಅವಳು ನನ್ನನ್ನು ಎಬ್ಬಿಸಿ ನಿಲ್ಲಿಸಿದಳು. ಕೊನೆಯ ತನಕ ತಿರುಗಲಿಲ್ಲ. ಹೋಗುತ್ತ ಗೋಡೆಗೇ ಹೇಳಿದಳು: “ತಿರುಗಬಾರದು ಅಂತ ಸುಮ್ಮನ ಹೊಂಟೀನ್ರಿ ಅಕ್ಕಾರ. ಇಲ್ಲಂದ್ರ ನಿಮ್ಮನ್ನ ಇವತ್ತ ಬಿಡ್ತಿರ್ಲಿಲ್ಲ.”

ಬೆಂಗಾವಲು

ಉಸುಕು ಜಾಡಿಸಿಕೊಂಡೇ ಮನೆಗೆ ಬಂದೆ. ಆದರೂ ಜಡೆಯಲ್ಲಿ ಸ್ವಲ್ಪ ಉಳಿದಿತ್ತು. ಅತ್ತೆ ಅದನ್ನು ಚಿವುಟಿ ತೆಗೆದು ದೀಪಕ್ಕೆ ಹಿಡಿದು ನೋಡಿದರು.

“ಬಿದ್ದಿಲ್ರಿ ಅತ್ತಿ, ಉಸುಕಿನ ಮ್ಯಾಲೆ ಒಂದೀಟು ಕುಂತಿದ್ದೆ” ಅಂದೆ.

“ಇದು ಕಡೀದು. ಇನ್ನೊಮ್ಮಿ ಕುಂತಿ ಅಂದ್ರ ಗುಜರಿಯಂವನ್ನ ಕರಸ್ತೀನಿ” ಅಂದರು ಅತ್ತೆ.

ನಮ್ಮ ಮನೆಯವರು ನಡುವೆ ಬಂದರು. ಕಾಳಿನ ಅಂಗಡಿಯಲ್ಲಿ ಕೆಲಸ ಮುಗಿಸಿ, ತಮ್ಮ ಮೋಟರ್‌ಸೈಕಲ್ ಮೇಲೆ ನನ್ನ ಹಿಂದೆ ಹಿಂದೆ ಬರುತ್ತೇನೆ ಅಂದರು. ಗಾಡಿಯ ಬೆಳಕು ನನ್ನ ಮುಂದೆ ಬೀಳುತ್ತದೆ, ಬಿದ್ದರೆ ಎತ್ತಲು ಜನವೂ ಇದ್ದಂತಾಯಿತು. ದಾರಿ ಮಾತ್ರ ದೀಪ ಇದ್ದ ಓಣಿಗಳದೇ ಇರಬೇಕು ಅಂದರು. ನಾನು ಒಪ್ಪಿದೆ. ಗಿರಾಕಿ ಕೇಳಿದರೆ ‘ಹಿಂದ ಗಾಡಿ ಬರಾಕತ್ತೈತ್ರಿ’ ಎಂದು ನಿಲ್ಲದೆ ಹೋಗಬಹುದಲ್ಲ ಎಂಬುದು ನನ್ನ ಲೆಕ್ಕಾಚಾರ.

ಮರುದಿನ ಹಾಗೆಯೇ ಹೊರಟೆವು. ಧೂಳಿಗೆಂದು ಅವರು ಮುಖಕ್ಕೆ ವಸ್ತ್ರ ಕಟ್ಟಿ, ಮೇಲೆ ಹೆಲ್ಮೆಟ್ ಹಾಕಿದ್ದರು. ನಾನು ತುಳಿಯುವಷ್ಟು ಮೆಲ್ಲಗೆ ಗಾಡಿ ಓಡಿಸುವುದು ಸುಲಭವಲ್ಲ. ಗುರುಗುಟ್ಟುತ್ತ, ನಿಲ್ಲುತ್ತ, ಮತ್ತೆ ಗುರುಗುಟ್ಟುತ್ತ ಬರುತ್ತಿದ್ದರು.

ಮೊದಲ ಓಣಿಯಲ್ಲಿ ಸಂಜೆ ಹೊತ್ತು ಹೆಂಗಸರೆಲ್ಲ ಕಟ್ಟೆಯ ಮೇಲಿರುತ್ತಾರೆ. ನನ್ನನ್ನು ನೋಡಿದರು, ಹಿಂದಿನ ಗಾಡಿಯನ್ನು ನೋಡಿದರು. ಎಂದೂ ಇಲ್ಲದಂತೆ ಬ್ಲೌಸಿನ ಮಾತೇ ಎತ್ತದೆ “ನೀವು ಹೋಗ್ರಿ ಅಕ್ಕಾರ, ಲಗೂ ಹೋಗ್ರಿ” ಅಂದರು. ನನಗೆ ಸಂತೋಷವಾಯಿತು. ಹತ್ತು ಮಾರು ಹೋಗಿ ತಿರುಗಿ ನೋಡಿದರೆ ನಮ್ಮ ಮನೆಯವರ ಸುತ್ತ ಜನ ನಿಂತಿತ್ತು. ಒಬ್ಬಳು ಗಾಡಿಯ ಚಾವಿಯನ್ನೇ ತೆಗೆದುಕೊಂಡಿದ್ದಳು. ಕಟ್ಟೆಯ ಹಿರಿಯಜ್ಜಿ ಕಸಬರಿಗೆ ಹಿಡಿದು ಮುಂದೆ ನಿಂತಿದ್ದಳು.

“ಹೆಣ್ಣಮಕ್ಕಳು ಒಬ್ಬರ ಹೊಂಟ್ರ ಹಿಂದ ಹಿಂದ ಬರ್ತೀಯೇನೋ?”

“ಯಜ್ಜಿ, ಆಕಿ ನನ್ನ ಹೇಣ್ತಿ.”

“ಸಿಕ್ಕೊಂಡ ಮ್ಯಾಲೆ ಎಲ್ಲಾರೂ ಹಂಗ ಅಂತಾರ. ಮಾರಿ ಯಾಕ ಮುಚ್ಚಿಕೊಂಡಿ ಮತ್ತ?”

ಅವರು ಹೆಲ್ಮೆಟ್ ತೆಗೆದರು, ವಸ್ತ್ರ ಬಿಚ್ಚಿದರು. ಬೆವರಿಳಿಯುತ್ತಿತ್ತು. ಯಾರಿಗೂ ಗುರುತು ಸಿಗಲಿಲ್ಲ. ಅಜ್ಜಿ ನನ್ನ ಕಡೆ ತಿರುಗಿ ಕೂಗಿದಳು: “ಅಕ್ಕಾರ, ಇಂವ ನಿಮ್ಮ ಗಂಡ ಹೌದೇನ್ರಿ?”

ಅಂದೇ ಬೆಳಿಗ್ಗೆ ಮನೆಗೆ ಬಂದಿದ್ದ ಗಿರಾಕಿಯೊಬ್ಬಳಿಗೆ, ‘ಆಕಿ ನಾಳೆ ಅಂದ್ರ ಎಂಟ ದಿನ ಅಂತ ತಿಳೀರಿ’ ಎಂದು ನನ್ನ ಎದುರಿಗೇ ಹೇಳಿ ನಕ್ಕಿದ್ದರು ಇವರು. ಅದು ನನಗೆ ಆ ಹೊತ್ತಿನಲ್ಲಿ ಸರಿಯಾಗಿ ನೆನಪಾಯಿತು. ನಾನು ಸೈಕಲ್ ಸ್ಟ್ಯಾಂಡ್ ಹಾಕಿದೆ.

“ಒಂದೀಟು ಬೆಳಕಿಗೆ ತರ್ರಿ” ಅಂದೆ. “ನೋಡಿ ಹೇಳ್ತೀನಿ.”

ಕಟ್ಟೆಯ ಕಾವಲು

ನಾನು ಹೌದು ಅಂದಮೇಲೆ ಅಜ್ಜಿ ನಮ್ಮ ಮನೆಯವರನ್ನು ಕೂರಿಸಿ ಚಹಾ ಕುಡಿಸಿದಳು. ಚಹಾ ಕುಡಿಸುತ್ತಲೇ ಬುದ್ಧಿ ಹೇಳಿದಳು.

“ನೀವ್ಯಾಕ ಬರ್ತೀರಪಾ ಹಿಂದ? ನಾವ ಇದ್ದೀವಿ. ಈಕಿ ನಮ್ಮ ಬ್ಲೌಸ್ ಕೊಡೂ ತನಕ ಈಕಿಗೆ ಏನೂ ಆಗಾಕ ಬಿಡೂದಿಲ್ಲ.”

ಅದು ಬಾಯಿ ಮಾತಾಗಿರಲಿಲ್ಲ. ಮರುದಿನದಿಂದ ನಾನು ಆ ಕಟ್ಟೆ ದಾಟಿದ ಕೂಡಲೇ ಅಜ್ಜಿಯ ಸೊಸೆ ಮುಂದಿನ ಓಣಿಗೆ ಫೋನ್ ಮಾಡತೊಡಗಿದಳು: “ಹೊಂಟಾಳ ನೋಡ್ರಿ, ನಿಮ್ಮ ಕಡೆ ಬಂದ್ಲು.” ಅಲ್ಲಿಯವರು ನಿಲ್ಲಿಸಿ ತಮ್ಮ ಬ್ಲೌಸಿನ ಸುದ್ದಿ ಕೇಳಿ, ಅದರ ಮುಂದಿನ ಓಣಿಗೆ ಫೋನ್ ಮಾಡುತ್ತಿದ್ದರು. ಪ್ರತಿ ಕಟ್ಟೆಗೂ ಒಂದೊಂದು ‘ನಾಳೆ’ ಕೊಡುತ್ತ ನಾನು ಮನೆ ಸೇರುತ್ತಿದ್ದೆ.

ಅವರು ನನಗೆ ಮಾಡಿದ ಉಪಕಾರ ಅಷ್ಟಿಷ್ಟಲ್ಲ. ನಾಯಿಗಳಿಗೆ ಹೆದರಿ ಆಚೆಯ ದಾರಿಯಲ್ಲಿ ಹೋದೆ ಎಂದು ಒಮ್ಮೆ ನೆಪ ಹೇಳಿದೆ. ಮರುದಿನ ಒಬ್ಬಳು ನಾನು ಬರುವ ಹೊತ್ತಿಗೆ ನಾಯಿಗಳಿಗೆಲ್ಲ ರೊಟ್ಟಿ ಹಾಕಿ ಹಿತ್ತಲಿಗೆ ಕರೆದುಕೊಂಡಿದ್ದಳು. ತಗ್ಗು ಇದೆ ಅಂದೆ. ಎರಡು ಮನೆಯವರು ಕೂಡಿ ಒಡೆದ ಹೆಂಚು, ಮಣ್ಣು ಹಾಕಿ ತುಂಬಿದರು. ಕತ್ತಲು ಅಂದೆ. ಒಬ್ಬಳು ತನ್ನ ಮನೆಯ ಹೊರಗೆ ದೊಡ್ಡ ಬಲ್ಬು ಹಾಕಿಸಿದಳು. ನಾನು ಕೈ ಮುಗಿದಾಗ ಅವಳು ಅಂದಳು: “ನಿಮಗ ದಾರಿ ಕಾಣಲಿ ಅಂತಲ್ರಿ. ನೀವು ನಾಳೆ ಅನ್ನೂವಾಗ ನಿಮ್ಮ ಮಾರಿ ನಮಗ ಕಾಣಲಿ ಅಂತ.”

ಕಡೆಯ ಫೋನು ನಮ್ಮ ಅತ್ತೆಗೆ ಬರುತ್ತಿತ್ತು. ಅದು ಬಂದ ಮೇಲೆಯೇ ಅವರು ರೊಟ್ಟಿ ತಟ್ಟಲು ಕೂರುತ್ತಿದ್ದರು. ನಾನು ಕಾಲು ತೊಳೆದು ಒಳಗೆ ಬರುವುದಕ್ಕೂ ಬಿಸಿ ರೊಟ್ಟಿ ಬುಟ್ಟಿಗೆ ಬೀಳುವುದಕ್ಕೂ ಸರಿಯಾಗುತ್ತಿತ್ತು. ಗುಜರಿಯ ಮಾತು ನಿಂತುಹೋಯಿತು. ಯಾವ ಗಿರಾಕಿಗಳಿಂದ ನಾನು ತಪ್ಪಿಸಿಕೊಂಡು ಓಡುತ್ತಿದ್ದೆನೋ ಅವರ ನಡುವೆಯೇ ನನ್ನ ಸುರಕ್ಷಿತ ದಾರಿ ಇತ್ತು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅವರೆಲ್ಲರ ಮೇಲೆ ಪ್ರೀತಿ ಉಕ್ಕಿ ಬಂತು. ಅಲ್ಲಿಯೇ ನಾನು ಕೆಟ್ಟದ್ದು.

ಪಂಚಮಿ ಹತ್ತಿರ ಬಂದಿತ್ತು. ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುವ ಹಬ್ಬ. ಇಷ್ಟು ಕಾಯ್ದವರಿಗೆ ಹಬ್ಬಕ್ಕಾದರೂ ಹೊಸ ಬ್ಲೌಸ್ ಕೊಡಬೇಕು ಅನಿಸಿತು. ಮಶೀನ್ ಬಿಟ್ಟು ಏಳದೆ ಹೊಲಿದೆ. ಮಗಳು ಹುಕ್ಕು ಹಚ್ಚಿದಳು. ಹಬ್ಬದ ಮುಂಚಿನ ದಿನ ಮಧ್ಯಾಹ್ನ ಅಷ್ಟೂ ಓಣಿಗಳಿಗೆ ಹೋಗಿ ಎಲ್ಲರ ಬ್ಲೌಸನ್ನೂ ಅವರವರ ಕೈಗೆ ಇಟ್ಟು ಅಂಗಡಿಗೆ ಬಂದೆ. ಉಸುಕಿನಿಂದ ಎತ್ತಿದವಳ ಹಸಿರು ಬ್ಲೌಸ್ ಸಹಿತ.

ಆ ಸಂಜೆ ಸೈಕಲ್ ಹತ್ತಿದಾಗ ಬಾಯಲ್ಲಿ ಒಂದೂ ಸುಳ್ಳಿರಲಿಲ್ಲ. ಎಲ್ಲರೂ ಹೊಗಳುತ್ತಾರೆ ಎಂದುಕೊಂಡು ಮೊದಲ ಓಣಿಗೆ ಬಂದೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಮುಂದಿನ ಓಣಿಯಲ್ಲೂ ಇರಲಿಲ್ಲ. ಎಲ್ಲರ ಬಾಗಿಲುಗಳೂ ಮುಚ್ಚಿದ್ದವು, ಒಳಗಿನಿಂದ ಹಬ್ಬದ ಉಂಡಿ ಕಟ್ಟುವ ವಾಸನೆ, ನಗುವಿನ ಸದ್ದು. ದೊಡ್ಡ ಬಲ್ಬು ಆರಿತ್ತು. ಆ ಕತ್ತಲಿನಿಂದ ನಾಯಿಗಳು ಒಂದೊಂದಾಗಿ ಎದ್ದು ಬಂದವು. ರೊಟ್ಟಿ ಹಾಕುವವಳು ಅಂದು ಹಾಕಿರಲಿಲ್ಲ. ಅವು ಅದನ್ನು ನನ್ನನ್ನೇ ಕೇಳಬೇಕೆಂದು ಬಂದಂತಿತ್ತು.

ಬಲ್ಬಿನವಳ ಮನೆಯ ಮುಂದೆ ನಿಂತು “ಅಕ್ಕಾರ, ಒಂದ ಚೂರು ಹೊರಗ ಬರ್ರಿ” ಎಂದು ಕೂಗಿದೆ.

ಒಳಗಿನಿಂದ ದನಿ ಬಂತು: “ಬ್ಲೌಸ್ ಛಲೋ ಆಗೇತ್ರಿ. ಹೋಗ್ರಿ ನೀವಿನ್ನ.”

ಆಮೇಲೆ ನಾನು ಹೇಗೆ ತು‌ಳಿದೆ ಎಂಬುದು ನನಗೇ ಗೊತ್ತಿಲ್ಲ. ಹಿಂದೆ ನಾಯಿಗಳ ಹಿಂಡು, ಮುಂದೆ ನಮ್ಮ ಓಣಿ. ಹಬ್ಬದ ಕಡುಬು ಲಟ್ಟಿಸುತ್ತಿದ್ದ ಅತ್ತೆ ಫೋನು ಬರಲಿಲ್ಲವೆಂದು ಗಾಬರಿಯಾಗಿ, ಲಟ್ಟಣಿಗೆ ಹಿಡಿದುಕೊಂಡೇ ಮನೆಯ ಮುಂದೆ ಬಂದು ನಿಂತಿದ್ದರು. ಅವರನ್ನು ತಪ್ಪಿಸಲು ಹೋಗಿ ನಮ್ಮ ಕಟ್ಟೆಗೇ ಸೈಕಲ್ ಗುದ್ದಿ, ಅವರ ಕಾಲ ಬುಡದಲ್ಲಿ ಬಿದ್ದೆ. ನಾಯಿಗಳು ಲಟ್ಟಣಿಗೆ ನೋಡಿ ಓಡಿಹೋದವು.

ಬಿದ್ದಲ್ಲಿಂದಲೇ ನಾನು ಸೈಕಲ್ ಕಡೆ ನೋಡಿದೆ. ಮುಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಇನ್ನು ಇದು ಗುಜರಿಗೆ, ಅಂಗಡಿ ಹೊತ್ತು ಮುಳುಗುವುದರೊಳಗೆ ಬಂದ್ ಎಂದುಕೊಂಡೆ, ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಮನೆಯವರು ಓಡಿ ಬಂದು ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು, ಯಾರ ಕಡೆ ತಲೆ ಆಡಿಸಬೇಕೆಂದು ತಿಳಿಯದೆ ನಿಂತರು.

ಅತ್ತೆ ಬಗ್ಗಿ ನನ್ನ ಮೊಣಕಾಲು ನೋಡಿದರು. ಕೇಳಿದರು: “ಯಾರೂ ಫೋನ್ ಯಾಕ ಮಾಡಲಿಲ್ಲ?”

“ಎಲ್ಲಾರ ಬ್ಲೌಸೂ ಕೊಟ್ಟಬಿಟ್ಟೆ ರೀ ಅತ್ತಿ.”

“ಎಲ್ಲಾರದೂ?”

“ಹೂಂ ರೀ, ಒಂದೂ ಉಳಿದಿಲ್ಲ.”

ಅತ್ತೆ ಹಣೆ ಚಚ್ಚಿಕೊಂಡು ನಮ್ಮ ಮನೆಯವರ ಕಡೆ ತಿರುಗಿದರು. “ಸೈಕಲ್ ಎತ್ತಿ ಒಳಗ ಇಡೋ. ಅದರದೇನು ತಪ್ಪೈತಿ.” ಆಮೇಲೆ ನನ್ನನ್ನು ಎಬ್ಬಿಸುತ್ತ ಅಂದರು: “ಇಷ್ಟ ವರ್ಷ ಅಂಗಡಿ ನಡಿಸಿ ಇಷ್ಟ ತಿಳೀಲಿಲ್ಲೇನ ನಿನಗ? ಓಣಿಗೆ ಒಂದೊಂದರ ಇಟಗೋಬೇಕವಾ.”

ಹಬ್ಬ ಮುಗಿದ ಮೇಲೆ ನಾನು ಅತ್ತೆಯ ಮಾತಿನಂತೆಯೇ ನಡೆಯುತ್ತಿದ್ದೇನೆ. ದಾರಿಯಲ್ಲಿ ಬರುವ ಪ್ರತಿ ಓಣಿಯ ಒಂದೊಂದು ಬ್ಲೌಸನ್ನು ಕತ್ತರಿಸಿ, ಹೊಲಿಯದೆ ಇಟ್ಟುಕೊಂಡಿರುತ್ತೇನೆ. ಬಲ್ಬು ಹತ್ತುತ್ತದೆ, ನಾಯಿಗಳಿಗೆ ರೊಟ್ಟಿ ಸಿಗುತ್ತದೆ, ಫೋನುಗಳು ಹೋಗುತ್ತವೆ, ನಾನು ಬೀಳದೆ ಮನೆ ಮುಟ್ಟುತ್ತೇನೆ.

ನಮ್ಮ ಓಣಿಯಿಂದ ಯಾರದು ಇಟ್ಟುಕೊಳ್ಳಬೇಕೆಂದು ಸ್ವಲ್ಪ ಯೋಚನೆಯಾಗಿತ್ತು. ಈಗ ದಿನವೂ ನನ್ನ ಸೈಕಲ್ಲಿನ ಸದ್ದಿಗೆ ಅತ್ತೆಯವರೇ ಬಾಗಿಲಿಗೆ ಬಂದು ನಿಂತಿರುತ್ತಾರೆ. “ನಂದು ಆತೇನ?” ಎಂದು ಕೇಳುತ್ತಾರೆ.

“ನಾಳೆ ರೀ ಅತ್ತಿ” ಅನ್ನುತ್ತೇನೆ.